ಸಾಧು, ಸಾತ್ವಿಕ, ಶಾಂತ, ಹದ: ಗ್ರೀಕರ ‘ಪ್ರಾಓತೆಸ್’ಗೆ ಯಾವ ಕನ್ನಡ ಪದ ಹೊಂದುತ್ತದೆ?

ಕನ್ನಡ ಬೈಬಲಿನ ಹಳೆಯ ಅನುವಾದ ಕೈಯಲ್ಲಿದ್ದರೆ ಮೂರು ಜಾಗ ತೆರೆದು ನೋಡಿ. ಮತ್ತಾಯನ ಐದನೆಯ ಅಧ್ಯಾಯದಲ್ಲಿ ಭೂಮಿಗೆ ಬಾಧ್ಯರಾಗುವವರು ‘ಶಾಂತರು’. ಅದೇ ಮತ್ತಾಯನ ಹನ್ನೊಂದನೆಯ ಅಧ್ಯಾಯದಲ್ಲಿ ಯೇಸು ತನ್ನನ್ನು ‘ಸಾತ್ವಿಕನು’ ಎಂದುಕೊಳ್ಳುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಆತ್ಮದ ಫಲಗಳನ್ನು ಎಣಿಸುವಾಗ ಬರುವುದು ‘ಸಾಧುತ್ವ’. ಗ್ರೀಕ್ ಮೂಲದಲ್ಲಿ ಈ ಮೂರೂ ಒಂದೇ ಬೇರಿನವು. ಗುಣವಾಚಕವಾದರೆ ಪ್ರಾಓಸ್ ಅಥವಾ ಪ್ರಾಉಸ್, ಭಾವನಾಮವಾದರೆ ಪ್ರಾಓತೆಸ್, ಮುಂದೆ ಪ್ರಾಉತೆಸ್. ಅನುವಾದಕರು ಎಡವಿದರು ಎಂದು ನಾನು ಹೇಳುತ್ತಿಲ್ಲ. ಆ ಪದದ ಮುಂದೆ ಕೂತ ಯಾರಿಗೂ ಒಂದೇ ಕನ್ನಡ ಪದ ಸಾಕಾಗುವುದಿಲ್ಲ. ಗ್ರೀಕ್ ತತ್ತ್ವಶಾಸ್ತ್ರವನ್ನೋ ಹೊಸ ಒಡಂಬಡಿಕೆಯನ್ನೋ ಕನ್ನಡಕ್ಕೆ ತರುವವರು, ಪಾಠ ಮಾಡುವವರು, ಭಾನುವಾರದ ಪ್ರಸಂಗಕ್ಕೆ ಟಿಪ್ಪಣಿ ಬರೆದುಕೊಳ್ಳುವವರು ಒಂದಲ್ಲ ಒಂದು ದಿನ ಇಲ್ಲಿ ನಿಲ್ಲಲೇಬೇಕು.

ಅವಸರದಲ್ಲಿರುವವರಿಗೆ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಣಿಯ ಮಾತು ಬಂದರೆ ‘ಸಾಧು’. ಅರಿಸ್ಟಾಟಲನಿದ್ದರೆ ‘ಸಿಟ್ಟಿನ ಹದ’. ಸುವಾರ್ತೆಯಾದರೆ ‘ಸಾತ್ವಿಕ’. ಸಿಟ್ಟೇ ಕೂಡದೆಂದ ತತ್ತ್ವಪಂಥದ ಸ್ಟೋಯಿಕರಾದರೆ ‘ಶಾಂತ’. ಆಳುವವನಾದರೆ ‘ಸೌಮ್ಯ’. ‘ದೀನ’ವನ್ನು ಒಂದೇ ಒಂದು ಕಡೆ, ‘ಮೃದು’ವನ್ನು ಆದಷ್ಟು ಕಡಿಮೆ. ಯಾಕೆ ಎನ್ನುವವರು ಮುಂದೆ ಓದಿ.

ಕೊಟ್ಟಿಗೆಯಿಂದ ಶುರು ಮಾಡೋಣ

ದನದ ಜಾತ್ರೆಯಲ್ಲಿ ಹಸು ಕೊಳ್ಳಲು ಬಂದವನು ಹಲ್ಲು ನೋಡಿ, ಸುಳಿ ನೋಡಿ, ಕೊನೆಗೆ ಕೇಳುವ ಪ್ರಶ್ನೆ: ಹಾಯುತ್ತದೆಯೇ, ಒದೆಯುತ್ತದೆಯೇ? ಮಾರುವವನ ಉತ್ತರ ಒಂದೇ ಪದ: ಸಾಧು. ಆ ಹಸುವಿಗೆ ಕೊಂಬಿಲ್ಲ ಎಂದಲ್ಲ, ಕಾಲಿನಲ್ಲಿ ಬಲವಿಲ್ಲ ಎಂದೂ ಅಲ್ಲ. ಕೈಗೆ ಒಗ್ಗಿದೆ, ಯಾರನ್ನು ಹಾಯಬಾರದೆಂದು ಅದಕ್ಕೆ ಗೊತ್ತು, ಅಷ್ಟೆ.

ಗ್ರೀಕರ ಪ್ರಾಓಸ್ ಕೂಡ ಹೀಗೆ ಕೊಟ್ಟಿಗೆಯಲ್ಲಿ, ಲಾಯದಲ್ಲಿ ಓಡಾಡಿದ ಪದ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಕ್ಸೆನೊಫನ್ ಕುದುರೆ ಸವಾರಿಯ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆದ. ಮರಿಯನ್ನು ಪಳಗಿಸುವವನ ಕೈಗೆ ಒಪ್ಪಿಸುವ ಮೊದಲು ಅದು ಮೂರು ಗುಣ ಪಡೆದಿರಬೇಕು ಎನ್ನುತ್ತಾನೆ: ಪ್ರಾಓಸ್ ಆಗಿರಬೇಕು, ಕೈಗೆ ಒಗ್ಗಿರಬೇಕು, ಮನುಷ್ಯರನ್ನು ಕಂಡರೆ ಪ್ರೀತಿ ಇರಬೇಕು. ಇದನ್ನು ಸಾಧಿಸುವ ಉಪಾಯವನ್ನೂ ಅವನೇ ಹೇಳಿಕೊಡುತ್ತಾನೆ. ಹಸಿವು, ಬಾಯಾರಿಕೆ, ಕಚ್ಚುವ ನೊಣ ಇವೆಲ್ಲ ಮರಿ ಒಂಟಿಯಾಗಿದ್ದಾಗ ಬರುವಂತೆ, ಮೇವು, ನೀರು, ನೋವಿನಿಂದ ಬಿಡುಗಡೆ ಇವು ಮನುಷ್ಯನಿಂದ ಬರುವಂತೆ ಆಳು ನೋಡಿಕೊಳ್ಳಬೇಕು. ಆಗ ಮರಿ ಮನುಷ್ಯನಿಗಾಗಿ ಹಂಬಲಿಸುತ್ತದೆ. ಸಾಕಿದವರಿಗೆ ಇದು ಹೊಸ ವಿದ್ಯೆಯೇನಲ್ಲ.

ಇಲ್ಲೊಂದು ಎಚ್ಚರಿಕೆ. ‘ಪ್ರಾಉಸ್ ಎಂದರೆ ತರಬೇತಾದ ಯುದ್ಧದ ಕುದುರೆ, ಅದು ಗ್ರೀಕ್ ಸೈನ್ಯದ ಪರಿಭಾಷೆ’ ಎಂಬ ಮಾತು ಪ್ರಸಂಗಗಳಲ್ಲಿ, ವಾಟ್ಸಾಪಿನಲ್ಲಿ ಬಹಳ ಓಡಾಡುತ್ತದೆ. ಕೇಳಲು ರೋಮಾಂಚನವಾಗುತ್ತದೆ. ಆದರೆ ಕ್ಸೆನೊಫನ್ ಆ ಪದ ಬಳಸಿದ್ದು ಇನ್ನೂ ಸವಾರಿಗೇ ಬಾರದ ಮರಿಗೆ. ಪದ ಸೈನ್ಯದ ಸ್ವತ್ತೂ ಅಲ್ಲ. ಗ್ರೀಕರು ಅದನ್ನು ದನಿಗೆ ಹೇಳುತ್ತಿದ್ದರು, ನಡಿಗೆಗೆ ಹೇಳುತ್ತಿದ್ದರು. ಯುದ್ಧದ ಕುದುರೆಯ ಕತೆಯನ್ನು ನಿಮ್ಮ ಟಿಪ್ಪಣಿಯಿಂದ ತೆಗೆದುಹಾಕಿದರೆ ನಷ್ಟವಿಲ್ಲ. ಬದಲಿಗೆ ಇಡಬಹುದಾದ ಚೆಂದದ ಸಂಗತಿ ಗ್ರೀಕ್ ಕವಿ ಪಿಂಡಾರನಲ್ಲಿದೆ.

ಕ್ರಿ.ಪೂ. 464ರ ಒಲಿಂಪಿಕ್ ಗೆಲುವಿಗಾಗಿ ಕೊರಿಂಥದ ಒಬ್ಬ ಓಟಗಾರನನ್ನು ಹೊಗಳುತ್ತ ಪಿಂಡಾರ್ ಒಂದು ಹಾಡು ಕಟ್ಟಿದ. (ಆ ಓಟಗಾರನ ಹೆಸರೂ ಕ್ಸೆನೊಫನ್ನೇ. ಗಲಿಬಿಲಿಯಾಗಬೇಡಿ, ಇವನೇ ಬೇರೆ.) ಅದರಲ್ಲಿ ಬೆಲೆರೊಫಾನ್ ರೆಕ್ಕೆಯ ಕುದುರೆ ಪೆಗಾಸಸನ್ನು ಹಿಡಿಯುವ ಪ್ರಸಂಗ ಬರುತ್ತದೆ. ಎಷ್ಟು ಪಾಡುಪಟ್ಟರೂ ಸಿಗದ ಕುದುರೆ, ಅಥೇನಾ ದೇವಿ ಕೊಟ್ಟ ಚಿನ್ನದ ಕಡಿವಾಣ ಹಾಕಿದ ಮೇಲೆ ಕೈಗೆ ಬರುತ್ತದೆ. ದವಡೆಗೆ ಸುತ್ತಿದ ಆ ಕಡಿವಾಣವನ್ನು ಪಿಂಡಾರ್ ಕರೆಯುವುದು ‘ಪ್ರಾಉ’ ಆದ ಮದ್ದು ಎಂದು. ಮದ್ದು ಕೊಟ್ಟರೂ ಕುದುರೆಯ ರೆಕ್ಕೆ ಉದುರಲಿಲ್ಲ.

ಈ ಸಂದರ್ಭಗಳಿಗೆ ‘ಸಾಧು’ವನ್ನು ಮೀರಿಸುವ ಕನ್ನಡ ಪದವಿಲ್ಲ. ಹತ್ತಿರದ ಪೈಪೋಟಿ ‘ಪಳಗಿದ’ ಎಂಬ ಅಚ್ಚಗನ್ನಡ ಮಾತಿನದು. ದುಬಾರೆಯಲ್ಲೋ ಸಕ್ರೆಬೈಲಿನಲ್ಲೋ ಪಳಗಿದ ಆನೆ ನೋಡಿದವರಿಗೆ ಬಲ ಹಾಗೇ ಇದ್ದು ದಿಕ್ಕು ಬದಲಾಗುವುದು ಅಂದರೇನು ಎಂದು ವಿವರಿಸಬೇಕಿಲ್ಲ. ‘ಪಳಗಿದ ಕೈ’ ಎಂದಾಗ ಬರುವ ನೈಪುಣ್ಯದ ಅರ್ಥವೂ ಬೋನಸ್. ಆದರೂ ನಾನು ಸಾಧುವನ್ನೇ ಹಿಡಿಯುತ್ತೇನೆ. ಪಳಗಿದ್ದು ಎಂದೊಡನೆ ಪಳಗಿಸಿದವನು ಬಂದು ನಿಲ್ಲುತ್ತಾನೆ, ಮಾವುತ, ಕಾವಾಡಿ, ಅಂಕುಶ. ಗ್ರೀಕ್ ಪದದಲ್ಲಿ ಆ ಎರಡನೆಯವನು ಕಡ್ಡಾಯವಲ್ಲ. ಇನ್ನೊಂದು ವಿಷಯ: ಲ್ಯಾಟಿನಿನಲ್ಲಿ ಇದಕ್ಕೆ ಸಿಕ್ಕ ‘ಮನ್ಸುಎತೂದೊ’ ಅಕ್ಷರಶಃ ‘ಕೈಗೆ ಒಗ್ಗಿರುವಿಕೆ’. ‘ಪಳಗಿದ’ ಎಂಬುದನ್ನು ಆ ಲ್ಯಾಟಿನ್ ಪದಕ್ಕೆ ಉಳಿಸಿಟ್ಟುಕೊಂಡರೆ ಎರಡಕ್ಕೂ ಜಾಗ ಸಿಗುತ್ತದೆ.

‘ಸಾಧು’ವಿನ ತೊಂದರೆ ಮನುಷ್ಯರ ವಿಷಯಕ್ಕೆ ಬಂದಾಗ. ಸಾಧುತ್ವ ಎಂದರೆ ಈಗಿನ ಓದುಗರ ಕಣ್ಣಿಗೆ ಕಾವಿ, ಕಮಂಡಲು, ಕುಂಭಮೇಳ ಬರುತ್ತವೆ. ಅದಿಲ್ಲವಾದರೆ ‘ಪಾಪ, ಸಾಧು ಮನುಷ್ಯ’ ಎನ್ನುವಾಗಿನ ಅರ್ಥ ಬರುತ್ತದೆ, ಮಂಗಳೂರು ಕಡೆ ‘ಪಾಪದವನು’ ಎನ್ನುತ್ತಾರಲ್ಲ, ಅದು. ಯಾರು ಏನೆಂದರೂ ತಲೆ ತಗ್ಗಿಸಿಕೊಂಡು ಹೋಗುವವನು. ಅಂಥವನನ್ನು ಅರಿಸ್ಟಾಟಲ್ ಹೊಗಳುವುದಿಲ್ಲ, ಬೈಯುತ್ತಾನೆ.

ನಾಯಿಯ ಗುಣ, ಕಾವಲುಗಾರನ ಗುಣ

ಅರಿಸ್ಟಾಟಲನ ಬಳಿಗೆ ಹೋಗುವ ದಾರಿಯಲ್ಲಿ ಅವನ ಗುರುವಿನ ಮನೆಯ ನಾಯಿ ಸಿಗುತ್ತದೆ. ಆದರ್ಶ ನಗರದ ಕಾವಲುಗಾರರು ಹೇಗಿರಬೇಕು ಎಂದು ಚರ್ಚಿಸುವಾಗ ಪ್ಲೇಟೊವಿನ ಸಾಕ್ರಟೀಸ್‌ಗೆ ಒಂದು ತೊಡಕು ಎದುರಾಗುತ್ತದೆ. ಅವರು ತಮ್ಮವರ ಜೊತೆ ಪ್ರಾಓಸ್ ಆಗಿರಬೇಕು, ಶತ್ರುವಿಗೆ ಕಠಿಣರಾಗಿರಬೇಕು. ಒಂದೇ ಮನುಷ್ಯನಲ್ಲಿ ಸೌಮ್ಯತೆಯೂ ಕೆಚ್ಚೂ ಇರುವುದು ಹೇಗೆ ಸಾಧ್ಯ? ಸಾಧ್ಯವೇ ಇಲ್ಲ ಎಂದು ಕೈಬಿಡುವಷ್ಟರಲ್ಲಿ ಅವನಿಗೆ ಒಳ್ಳೆಯ ತಳಿಯ ನಾಯಿ ನೆನಪಾಗುತ್ತದೆ. ಪರಿಚಿತರಿಗೆ ಬಾಲ ಅಲ್ಲಾಡಿಸುತ್ತದೆ, ಅಪರಿಚಿತರಿಗೆ ಬೊಗಳುತ್ತದೆ. ಅಲ್ಲಿಗೆ ಒಗಟು ಬಿಡಿಸಿತು.

ಈ ಭಾಗಕ್ಕೆ ‘ಸೌಮ್ಯ’ ಚೆನ್ನಾಗಿ ಹೊಂದುತ್ತದೆ. ಸೌಮ್ಯ ಎಂಬುದಕ್ಕೆ ನಮ್ಮಲ್ಲಿ ‘ಉಗ್ರ’ ಎಂಬ ಜೋಡಿ ಸಿದ್ಧವಾಗಿದೆ. ಒಂದೇ ದೇವರಿಗೆ ಎರಡೂ ರೂಪಗಳಿರುತ್ತವೆ, ಉಗ್ರ ನರಸಿಂಹನೂ ಲಕ್ಷ್ಮೀನರಸಿಂಹನೂ ಬೇರೆ ಬೇರೆ ದೇವರಲ್ಲ. ಸೌಮ್ಯ ಎಂದ ತಕ್ಷಣ ಉಗ್ರತೆ ಸತ್ತುಹೋಯಿತು ಎಂದು ಕನ್ನಡಿಗ ಭಾವಿಸುವುದಿಲ್ಲ, ಈಗ ಕಾಣಿಸುತ್ತಿಲ್ಲ ಎಂದಷ್ಟೇ ತಿಳಿಯುತ್ತಾನೆ.

ಅರಿಸ್ಟಾಟಲನಿಗೂ ಪದ ಸಿಕ್ಕಿರಲಿಲ್ಲ

ಈಗ ಕಷ್ಟದ ಜಾಗ. ಅರಿಸ್ಟಾಟಲ್ (ಕ್ರಿ.ಪೂ. 384–322) ತನ್ನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ ಪ್ರಾಓತೆಸ್‌ಗೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದಾನೆ. ಅವನ ಪ್ರಕಾರ ಅದು ಕೋಪದ ವಿಷಯದಲ್ಲಿ ನಡುದಾರಿ. ಅತಿಯಾದರೆ ಮುಂಗೋಪ. ಕಡಿಮೆಯಾದರೆ? ಅದಕ್ಕೆ ಸರಿಯಾದ ಹೆಸರೇ ಇಲ್ಲ, ಬೇಕಾದರೆ ‘ಅಓರ್ಗೆಸಿಯ’, ಅಂದರೆ ಕೋಪವಿಲ್ಲದಿರುವಿಕೆ ಎನ್ನಬಹುದು ಎಂದು ಮುಂದೆ ಹೋಗುತ್ತಾನೆ. ಅಷ್ಟೇ ಅಲ್ಲ, ನಡುದಾರಿಗೂ ನಿಜವಾದ ಹೆಸರಿಲ್ಲ, ಪ್ರಾಓತೆಸ್ ಎಂಬುದನ್ನು ನಾವು ನಡುವಿಗೆ ಇಟ್ಟುಕೊಂಡಿದ್ದೇವೆ, ಆದರೆ ಅದು ಕೊರತೆಯ ಕಡೆಗೆ ವಾಲುತ್ತದೆ ಎಂದು ಒಪ್ಪಿಕೊಳ್ಳುತ್ತಾನೆ. ಈ ಸಾಲು ಓದಿದಾಗ ನನಗೆ ಬಹಳ ಸಮಾಧಾನವಾಯಿತು. ತನ್ನ ತಾಯಿನುಡಿಯಲ್ಲೇ ಬರೆಯುತ್ತಿದ್ದವನಿಗೆ ಸರಿಯಾದ ಪದ ಸಿಗಲಿಲ್ಲ, ಇದ್ದುದನ್ನೇ ಎಳೆದು ಅಳತೆಗೆ ತಂದುಕೊಂಡ. ಹಾಗಾದರೆ ನಮಗೂ ಅಷ್ಟು ಸ್ವಾತಂತ್ರ್ಯ ಇರಲಿ.

ಅವನು ಹೊಗಳುವ ಮನುಷ್ಯ ಸಿಟ್ಟು ಮಾಡಿಕೊಳ್ಳುವವನೇ. ಸಿಟ್ಟಾಗಬೇಕಾದ ವಿಷಯಕ್ಕೆ, ಸಿಟ್ಟಾಗಬೇಕಾದವರ ಮೇಲೆ, ಆಗಬೇಕಾದ ರೀತಿಯಲ್ಲಿ, ಆಗಬೇಕಾದ ಹೊತ್ತಿನಲ್ಲಿ, ಎಷ್ಟು ಹೊತ್ತು ಇರಬೇಕೋ ಅಷ್ಟು ಹೊತ್ತು. ಸಿಟ್ಟಾಗಬೇಕಾದಲ್ಲೂ ಆಗದವರು ಮೂಢರಂತೆ ಕಾಣುತ್ತಾರೆ ಎನ್ನುತ್ತಾನೆ. ತನಗೆ ಆದ ಅವಮಾನವನ್ನು, ತನ್ನವರಿಗೆ ಆದ ಅವಮಾನವನ್ನು ನೋಡಿಕೊಂಡು ಸುಮ್ಮನಿರುವುದು ಗುಲಾಮನ ಲಕ್ಷಣ ಎಂದು ಇನ್ನೂ ಖಾರವಾಗಿ ಹೇಳುತ್ತಾನೆ. (ಗುಲಾಮರಿಗೆ ಸುಮ್ಮನಿರದೆ ಬೇರೆ ದಾರಿ ಇತ್ತೇ ಎಂದು ಅವನು ಕೇಳಿಕೊಂಡಂತೆ ಕಾಣುವುದಿಲ್ಲ.) ಇಷ್ಟಾದರೂ ಪ್ರಾಓಸ್ ಆದವನು ಸೇಡಿನ ಮನುಷ್ಯನಲ್ಲ, ಕ್ಷಮಿಸುವ ಕಡೆಗೇ ಜಾರುತ್ತಾನೆ.

ಆಮೇಲೆ ಸಿಟ್ಟಿನವರಲ್ಲಿ ನಾಲ್ಕು ಜಾತಿ ಮಾಡುತ್ತಾನೆ. ಇದನ್ನು ಅನುವಾದಿಸುವುದು ಕನ್ನಡದವರಿಗೆ ಹಬ್ಬ. ಮೊದಲನೆಯವರು ಬೇಗ ಸಿಟ್ಟಾಗಿ ಬೇಗ ತಣ್ಣಗಾಗುವವರು. ಬೇಗ ತಣ್ಣಗಾಗುವುದೇ ಅವರಲ್ಲಿರುವ ಒಳ್ಳೆಯ ಅಂಶ ಎನ್ನುತ್ತಾನೆ. ಎರಡನೆಯವರು ‘ಅಕ್ರೊಖೊಲೊಯ್’: ಅಕ್ರೊ ಎಂದರೆ ತುದಿ, ಖೊಲೆ ಎಂದರೆ ಪಿತ್ತ. ಎಲ್ಲದಕ್ಕೂ ಎಲ್ಲರ ಮೇಲೂ ಹಾರಾಡುವವರು. ನಮ್ಮಲ್ಲಿ ಮೂಗಿನ ತುದಿಯಲ್ಲೇ ಕೋಪ ಎನ್ನುತ್ತೇವೆ, ಪಿತ್ತ ನೆತ್ತಿಗೇರಿತು ಎಂದೂ ಎನ್ನುತ್ತೇವೆ. ತುದಿಯೂ ಇದೆ, ಪಿತ್ತವೂ ಇದೆ, ಇನ್ನೇನು ಬೇಕು? ಮೂರನೆಯವರು ‘ಪಿಕ್ರೊಯ್’, ಕಹಿಯವರು. ಸಿಟ್ಟನ್ನು ಹೊರಗೆ ಹಾಕದೆ ಒಳಗೇ ಇಟ್ಟುಕೊಳ್ಳುವುದರಿಂದ ಯಾರೂ ಅವರನ್ನು ಸಮಾಧಾನ ಮಾಡುವುದಿಲ್ಲ, ಒಳಗೊಳಗೇ ಅರಗಿಸಿಕೊಳ್ಳಲು ಕಾಲ ಹಿಡಿಯುತ್ತದೆ. ಇವರು ತಮಗೂ ಭಾರ, ಹತ್ತಿರದವರಿಗೂ ಭಾರ ಎನ್ನುತ್ತಾನೆ. ಬೂದಿ ಮುಚ್ಚಿದ ಕೆಂಡ. ನಾಲ್ಕನೆಯವರು ಜಿದ್ದಿನವರು, ಸೇಡು ತೀರುವ ತನಕ ರಾಜಿಗೆ ಬಾರದವರು.

ಇಷ್ಟೆಲ್ಲ ನೋಡಿದ ಮೇಲೆ ‘ಶಾಂತಿ’, ‘ಶಾಂತಗುಣ’, ‘ಅಕ್ರೋಧ’ ಯಾವುದೂ ಇಲ್ಲಿ ನಿಲ್ಲುವುದಿಲ್ಲ. ನಮ್ಮ ಪರಂಪರೆಯಲ್ಲಿ ಕ್ರೋಧ ಅರಿಷಡ್ವರ್ಗದಲ್ಲಿ ಒಂದು, ಹೆಸರಿನಲ್ಲೇ ಅರಿ, ಶತ್ರು. ಶತ್ರುವಿನ ವಿಷಯದಲ್ಲಿ ‘ಎಷ್ಟು ಪ್ರಮಾಣದಲ್ಲಿ ಇಟ್ಟುಕೊಳ್ಳೋಣ’ ಎಂಬ ಪ್ರಶ್ನೆ ಏಳುವುದಿಲ್ಲ, ಗೆಲ್ಲಬೇಕು ಅಷ್ಟೆ. ತನಗೆ ಮುನಿಯುವವರಿಗೆ ತಾನೇಕೆ ಮುನಿಯಬೇಕು ಎಂದು ಕೇಳಿದ ಬಸವಣ್ಣನವರ ವಚನವೂ ಸಿಟ್ಟನ್ನು ಮನೆಯೊಳಗಿನ ಕಿಚ್ಚಿಗೆ ಹೋಲಿಸುತ್ತದೆ. ಕಿಚ್ಚನ್ನು ಯಾರೂ ಅರ್ಧ ಆರಿಸುವುದಿಲ್ಲ. ಸಂಸ್ಕೃತದಿಂದ ಬಂದ ಶಾಂತಿವಾಚಕಗಳನ್ನು ಅರಿಸ್ಟಾಟಲನ ಬಾಯಿಗೆ ಇಟ್ಟರೆ, ಅವನು ಬೈದದ್ದನ್ನೇ ಹೊಗಳಿದಂತೆ ಓದುಗರಿಗೆ ಕೇಳುತ್ತದೆ.

‘ತಾಳ್ಮೆ’ಯೂ ಬೇಡ. ತಾಳ್ಮೆ ನೋವಿನ ಎದುರಿನ ಗುಣ, ಇದು ಸಿಟ್ಟಿನ ಒಳಗಿನ ಗುಣ. ‘ವಿನಯ’ ತಾನೆಷ್ಟು ದೊಡ್ಡವನು ಎಂಬ ಲೆಕ್ಕಕ್ಕೆ ಸೇರಿದ್ದು. ಅರಿಸ್ಟಾಟಲ್ ಅದನ್ನು ಬೇರೆ ಕಡೆ ಇಟ್ಟಿದ್ದಾನೆ.

ನನ್ನ ಆಯ್ಕೆ ‘ಹದ’. ಬೆಲ್ಲದ ಪಾಕಕ್ಕೆ ಹದ ಇದೆ, ಒಂದು ನಿಮಿಷ ಮೊದಲು ಇಳಿಸಿದರೆ ಉಂಡೆ ಕಟ್ಟುವುದಿಲ್ಲ, ಒಂದು ನಿಮಿಷ ತಡವಾದರೆ ಕಲ್ಲು. ಬಿತ್ತುವ ಮಣ್ಣಿಗೆ ಹದ ಇದೆ. ಕುಡುಗೋಲಿನ ಬಾಯಿಗೆ, ಚರ್ಮಕ್ಕೆ ಹದ ಇದೆ. ಇದು ಬರೀ ‘ಮಧ್ಯಮ’ ಅಲ್ಲ, ಅಳತೆಪಟ್ಟಿಯ ನಡುವಿನ ಗೆರೆಯೂ ಅಲ್ಲ. ಈ ಪಾಕಕ್ಕೆ, ಈ ಹೊತ್ತಿಗೆ, ಈ ಉರಿಗೆ ಎಷ್ಟು ಸರಿಯೋ ಅಷ್ಟು. ಅರಿಸ್ಟಾಟಲ್ ತನ್ನ ನಡುದಾರಿಯ ಬಗ್ಗೆ ಪದೇ ಪದೇ ಹೇಳುವುದೂ ಇದನ್ನೇ: ಅದು ವಸ್ತುವಿನ ನಡುವಲ್ಲ, ನಮಗೆ ಸಂಬಂಧಿಸಿದ ನಡು. ಹದಕ್ಕೆ ಉರಿ ಬೇಕೇ ಬೇಕು ಎಂಬುದೂ ಗಮನಿಸಬೇಕಾದ ಮಾತು. ಒಲೆ ಆರಿಸಿ ಯಾರೂ ಪಾಕ ಮಾಡುವುದಿಲ್ಲ. ಹಾಗಾಗಿ ಗುಣಕ್ಕೆ ‘ಸಿಟ್ಟಿನ ಹದ’, ಮನುಷ್ಯನಿಗೆ ‘ಸಿಟ್ಟಿನ ಹದ ಬಲ್ಲವನು’. ಎರಡು ಪದವಾಯಿತು, ಪರಿಭಾಷೆಗೆ ಸೊಗಸಿಲ್ಲ ಎಂದು ವಿಶ್ವವಿದ್ಯಾಲಯದವರು ಮೂಗು ಮುರಿಯಬಹುದು. ಒಂದೇ ಪದ ಬೇಕೇಬೇಕೆಂದರೆ ‘ಸೌಮ್ಯತೆ’ ಬರೆದು, ಮೊದಲ ಸಲ ಬಂದಾಗ ಈ ವಿವರಣೆಯನ್ನು ಅಡಿಯಲ್ಲಿ ಕೊಡಿ.

ಅರಿಸ್ಟಾಟಲನದೇ ಇನ್ನೊಂದು ಜಾಗವಿದೆ. ಭಾಷಣಕಲೆಯ ಕುರಿತ ಬರಹದ ಎರಡನೆಯ ಭಾಗದಲ್ಲಿ ಇದೇ ಬೇರಿನಿಂದ ಬಂದ ‘ಪ್ರಾಉನ್ಸಿಸ್’ ಎಂಬ ಪದವಿದೆ. ಅದು ಸ್ವಭಾವವಲ್ಲ, ಘಟನೆ: ಎದ್ದ ಕೋಪ ಇಳಿದು ನೆಲೆಗೊಳ್ಳುವುದು. ಯಾರ ಮೇಲೆ ಸಿಟ್ಟು ಇಳಿಯುತ್ತದೆ ಎಂದು ಪಟ್ಟಿ ಮಾಡುತ್ತ, ತಗ್ಗಿ ನಡೆದವರ ಮೇಲೆ ಇಳಿಯುತ್ತದೆ, ನಾಯಿಗಳು ಕೂಡ ಕೂತವರನ್ನು ಕಚ್ಚುವುದಿಲ್ಲ ಎನ್ನುತ್ತಾನೆ. ಹೋಮರನಲ್ಲಿ ಒಡಿಸ್ಸಿಯಸ್ ತನ್ನ ಹಂದಿ ಕಾಯುವವನ ಗುಡಿಸಲಿಗೆ ಬಂದಾಗ ನಾಯಿಗಳು ಮೇಲೆ ಬೀಳುತ್ತವೆ, ಜಾಣ ತಟ್ಟನೆ ನೆಲಕ್ಕೆ ಕೂತುಬಿಡುತ್ತಾನೆ. ಇಲ್ಲಿ ಹದ ಬೇಡ, ಕನ್ನಡದಲ್ಲಿ ನೇರವಾಗಿ ‘ಸಿಟ್ಟು ಇಳಿಯುವುದು’ ಎಂದೇ ಬರೆಯಿರಿ. ‘ಶಮನ’ವೂ ಆದೀತು. ‘ಶಾಂತವಾಗುವುದು’ ಎಂದರೂ ಇಲ್ಲಿ ತಪ್ಪಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯಲ್ಲಿರುವ ‘ಶಾಂತ’ ಇದೇ.

‘ಶಾಂತ’ದ ಸರದಿ

ಅರಿಸ್ಟಾಟಲ್ ಕೊರತೆ ಎಂದು ಬದಿಗಿಟ್ಟ ‘ಕೋಪವಿಲ್ಲದಿರುವಿಕೆ’ ಮುಂದಿನ ನಾಲ್ಕೈದು ಶತಮಾನಗಳಲ್ಲಿ ಸದ್ಗುಣದ ಪೀಠಕ್ಕೇರಿತು. ಹದವಾದ ಸಿಟ್ಟು ಎಂಬುದೇ ಮೋಸ, ಸಿಟ್ಟು ಬೇರುಸಹಿತ ಹೋಗಬೇಕು ಎಂದವರು ಸ್ಟೋಯಿಕರು. ರೋಮಿನ ಸೆನೆಕ ಸಿಟ್ಟಿನ ಮೇಲೆ ಲ್ಯಾಟಿನಿನಲ್ಲಿ ಬರೆಯುತ್ತ ಅರಿಸ್ಟಾಟಲನ ಪಂಥದವರ ಜೊತೆ ನೇರವಾಗಿ ಜಗಳಕ್ಕಿಳಿಯುತ್ತಾನೆ. 161ರಿಂದ 180ರವರೆಗೆ ಆಳಿದ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ತನಗಾಗಿ ಗ್ರೀಕಿನಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಗಳ ಮೊದಲ ಸಾಲಿನಲ್ಲೇ, ಅಜ್ಜನಿಂದ ತಾನು ಕಲಿತದ್ದು ಒಳ್ಳೆಯ ನಡತೆ ಮತ್ತು ಕೋಪವಿಲ್ಲದಿರುವಿಕೆ ಎನ್ನುತ್ತಾನೆ. ಇನ್ನೊಂದೆಡೆ, ಸಿಟ್ಟಾಗುವುದು ಗಂಡಸುತನವಲ್ಲ, ಪ್ರಾಓಸ್ ಆಗಿರುವುದೇ ಹೆಚ್ಚು ಮನುಷ್ಯಸಹಜ, ಆದ್ದರಿಂದಲೇ ಹೆಚ್ಚು ಗಂಡಸುತನ ಎಂದು ತನಗೇ ಬುದ್ಧಿ ಹೇಳಿಕೊಳ್ಳುತ್ತಾನೆ.

ಇಲ್ಲಿ ‘ಶಾಂತ’ವನ್ನು ಧೈರ್ಯವಾಗಿ ಹಾಕಬಹುದು. ಅರಿಷಡ್ವರ್ಗದ ನೆರಳು ಇಲ್ಲಿ ತೊಂದರೆ ಮಾಡುವುದಿಲ್ಲ, ಸಹಾಯ ಮಾಡುತ್ತದೆ. ಒಂದೇ ಪುಸ್ತಕದಲ್ಲಿ ಅರಿಸ್ಟಾಟಲನೂ ಮಾರ್ಕಸನೂ ಇದ್ದರೆ ಮಾತ್ರ ಇಬ್ಬರಿಗೂ ಒಂದೇ ಪದ ಕೊಡಬೇಡಿ. ಪದ ಒಂದೇ ಆದರೂ ನಡುವೆ ಐನೂರು ವರ್ಷಗಳ ಜಗಳವಿದೆ, ಒಂದೇ ಪದ ಕೊಟ್ಟರೆ ಆ ಜಗಳ ಕನ್ನಡದ ಓದುಗರಿಗೆ ಕೇಳಿಸುವುದಿಲ್ಲ.

ಆಳುವವನ ಪ್ರಾಓತೆಸ್

ಅಥೆನ್ಸಿನ ಆಡಳಿತದ ಬಗ್ಗೆ ಅರಿಸ್ಟಾಟಲನ ಹೆಸರಿನಲ್ಲಿರುವ ಬರಹವೊಂದು ಈಜಿಪ್ಟಿನಲ್ಲಿ ಸಿಕ್ಕ ಪಪೈರಸ್ ಸುರುಳಿಗಳಿಂದ 1891ರಲ್ಲಿ ಮತ್ತೆ ಬೆಳಕಿಗೆ ಬಂತು. ಅದರಲ್ಲಿ ಕ್ರಿ.ಪೂ. ಆರನೆಯ ಶತಮಾನದ ಸರ್ವಾಧಿಕಾರಿ ಪೈಸಿಸ್ಟ್ರೇಟಸ್‌ನನ್ನು ಪ್ರಾಓಸ್ ಎಂದು ಕರೆದಿದೆ. ಸರ್ವಾಧಿಕಾರಿಯೂ ಸೌಮ್ಯನೂ! ಅಲ್ಲೇ ಬರುವ ಕತೆ: ಹೈಮೆಟಸ್ ಬೆಟ್ಟದ ಕಡೆ ಸುತ್ತಾಡುವಾಗ ಅವನು ಬರೀ ಕಲ್ಲುನೆಲ ಅಗೆಯುತ್ತಿದ್ದ ರೈತನೊಬ್ಬನನ್ನು ಕಂಡ. ಈ ಹೊಲದಲ್ಲಿ ಏನು ಬೆಳೆಯುತ್ತದೆ ಎಂದು ಆಳಿನ ಮೂಲಕ ಕೇಳಿಸಿದ. ಎದುರಿಗಿರುವವರು ಯಾರೆಂದು ತಿಳಿಯದ ರೈತ ಹೇಳಿದ: ಕಷ್ಟ ಮತ್ತು ನೋವು, ಅದರಲ್ಲೂ ಹತ್ತನೆಯ ಒಂದು ಪಾಲು ಪೈಸಿಸ್ಟ್ರೇಟಸ್‌ಗೆ ಹೋಗಬೇಕು. ಆ ಎದೆಗಾರಿಕೆಗೂ ದುಡಿಮೆಗೂ ಮೆಚ್ಚಿ ಅವನು ಆ ಹೊಲದ ತೆರಿಗೆಯನ್ನೇ ಮನ್ನಾ ಮಾಡಿದನಂತೆ. ಅದೇ ಬರಹ ಮುಂದೆ ಅಥೆನ್ಸಿನ ಜನರ ‘ವಾಡಿಕೆಯ ಪ್ರಾಓತೆಸ್’ ಬಗ್ಗೆಯೂ ಹೇಳುತ್ತದೆ: ಸರ್ವಾಧಿಕಾರ ಬಿದ್ದ ಮೇಲೂ ಸರ್ವಾಧಿಕಾರಿಗಳ ಸ್ನೇಹಿತರಲ್ಲಿ ಗಲಭೆಯಲ್ಲಿ ಸೇರದವರನ್ನು ಊರಿನಲ್ಲೇ ಇರಗೊಟ್ಟರು.

ಇಲ್ಲಿ ‘ದಯೆ’ ಹಾಕಿದರೆ ಮೇಲಿನಿಂದ ಕೆಳಕ್ಕೆ ಸುರಿಯುವ ಗುಣವಾಗುತ್ತದೆ. ‘ಮೃದುತ್ವ’ ಹಾಕಿದರೆ, ಮೃದು ಧೋರಣೆ ತಳೆದ ಸರ್ಕಾರ ಎಂಬ ಪತ್ರಿಕೆಯ ಶೀರ್ಷಿಕೆ ನೆನಪಾಗುತ್ತದೆ, ಅದು ಹೊಗಳಿಕೆಯಲ್ಲ. ಮೆತ್ತಗಿದ್ದವರಿಗೆ ಇನ್ನೊಂದು ಗುದ್ದು ಎಂಬ ಲೋಕಜ್ಞಾನವೂ ಆ ಪದದ ಬೆನ್ನಿಗಿದೆ. ಸೌಮ್ಯವೇ ವಾಸಿ. ಜನರ ವಿಷಯದಲ್ಲಿ ‘ಹಗೆ ಸಾಧಿಸದ ಗುಣ’ ಎಂದು ಬಿಡಿಸಿ ಬರೆದರೂ ಚೆನ್ನ.

ಆಳುವವರ ಪ್ರಸಂಗಗಳಲ್ಲಿ ಪ್ರಾಓತೆಸ್ ಜೊತೆಗೆ ‘ಎಪಿಯೆಯಿಕೆಯ’ ಎಂಬ ಇನ್ನೊಂದು ಪದ ಅಂಟಿಕೊಂ​ಡೇ ಬರುತ್ತದೆ. ಪ್ಲೂಟಾರ್ಕ್ ಅಥೆನ್ಸಿನ ನಾಯಕ ಪೆರಿಕ್ಲಿಸ್‌ನ ಜೀವನಚರಿತ್ರೆ ಮುಗಿಸುವಾಗ ಎರಡನ್ನೂ ಒಟ್ಟಿಗೆ ಹೇಳಿ ಹೊಗಳುತ್ತಾನೆ. ಈ ಪೆರಿಕ್ಲಿಸ್‌ನನ್ನು ಒಬ್ಬ ಪುಂಡ ದಿನವಿಡೀ ಪೇಟೆಯಲ್ಲಿ ಬೈದು, ಸಂಜೆ ಮನೆಯ ತನಕ ಬೈಯುತ್ತಲೇ ಹಿಂಬಾಲಿಸಿದನಂತೆ. ಕತ್ತಲಾಗಿದೆ, ದೀಪ ಹಿಡಿದುಕೊಂಡು ಹೋಗಿ ಇವನನ್ನು ಮನೆ ಮುಟ್ಟಿಸಿ ಬಾ ಎಂದು ಪೆರಿಕ್ಲಿಸ್ ಆಳಿಗೆ ಹೇಳಿದ. ಎಪಿಯೆಯಿಕೆಯ ಸಿಟ್ಟಿಗೆ ಸಂಬಂಧಿಸಿದ್ದಲ್ಲ, ಹಕ್ಕು ಮತ್ತು ಕಾನೂನಿಗೆ ಸಂಬಂಧಿಸಿದ್ದು. ಕಾನೂನು ಎಲ್ಲರಿಗೂ ಒಂದೇ ಮಾತು ಹೇಳುತ್ತದೆ, ಎಲ್ಲ ಸಂದರ್ಭವೂ ಆ ಮಾತಿನೊಳಗೆ ಹಿಡಿಸುವುದಿಲ್ಲ, ಅಲ್ಲಿ ತಿದ್ದಿಕೊಳ್ಳುವುದೇ ಎಪಿಯೆಯಿಕೆಯ ಎಂದು ಅರಿಸ್ಟಾಟಲ್ ವಿವರಿಸುತ್ತಾನೆ. ಲೆಸ್ಬೊಸ್ ದ್ವೀಪದ ಗಾರೆಯವರು ಬಳಸುತ್ತಿದ್ದ ಸೀಸದ ಅಳತೆಪಟ್ಟಿಯಂತೆ: ಕಲ್ಲಿನ ಉಬ್ಬುತಗ್ಗಿಗೆ ತಕ್ಕಂತೆ ಪಟ್ಟಿಯೇ ಬಾಗುತ್ತದೆ. ಫಿಲಿಪ್ಪಿಯವರ ಪತ್ರದಲ್ಲಿ ಇದೇ ಬೇರಿನ ಪದಕ್ಕೆ ಕನ್ನಡ ಬೈಬಲು ‘ಸೈರಣೆ’ ಎಂದಿದೆ. ಕಿವಿಗೆ ಇಂಪು, ಆದರೆ ಸೀಸದ ಪಟ್ಟಿ ಅದರಲ್ಲಿ ಕಾಣುವುದಿಲ್ಲ. ‘ಹಿಡಿತ ಸಡಿಲಿಸುವ ವಿವೇಕ’ ಎಂದು ಉದ್ದವಾಗಿಯೇ ಹೇಳುವುದು ನನಗೆ ಇಷ್ಟ. ಏನೇ ಆಗಲಿ, ಎರಡೂ ಪದ ಒಂದೇ ವಾಕ್ಯದಲ್ಲಿದ್ದಾಗ ‘ಸೌಮ್ಯತೆ ಮತ್ತು ಮೃದುತ್ವ’ ಎಂದು ಜೋಡಿ ಮಾಡಿ ಕೈತೊಳೆದುಕೊಳ್ಳಬೇಡಿ. ಎರಡೂ ಬೇರೆ ಅಂಗಡಿಯ ಸರಕು.

ದೀನ ಮತ್ತು ಸಾತ್ವಿಕ

ಕ್ರಿ.ಪೂ. ಮೂರನೆಯ ಶತಮಾನದಿಂದ ಅಲೆಕ್ಸಾಂಡ್ರಿಯದ ಯಹೂದಿಗಳು ತಮ್ಮ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತರತೊಡಗಿದಾಗ ಪದದ ಜಾತಕವೇ ಬದಲಾಯಿತು. ಹೀಬ್ರೂವಿನಲ್ಲಿ ‘ಅನಾವ್’ ಎಂದರೆ ಬಾಗಿದವನು, ತುಳಿತಕ್ಕೆ ಸಿಕ್ಕವನು, ದೇವರಲ್ಲದೆ ಬೇರೆ ದಿಕ್ಕಿಲ್ಲದವನು. ಅನೇಕ ಕಡೆ ಅವರು ಇದಕ್ಕೆ ಪ್ರಾಉಸ್ ಎಂದು ಬರೆದರು. ಲಾಯದಿಂದ, ತತ್ತ್ವಜ್ಞಾನಿಯ ಜಗಲಿಯಿಂದ ಪದ ಬಡವರ ಕೇರಿಗೆ ಬಂದದ್ದು ಹೀಗೆ. 37ನೆಯ ಕೀರ್ತನೆಯಲ್ಲಿ ದೇಶವನ್ನು ಅನುಭವಿಸುವವರು ಇವರೇ, ಕನ್ನಡದಲ್ಲಿ ‘ದೀನರು’. ಬೆಟ್ಟದ ಮೇಲೆ ಯೇಸು ‘ಶಾಂತರು ಧನ್ಯರು’ ಎನ್ನುವಾಗ ಇದೇ ಕೀರ್ತನೆಯ ಸಾಲನ್ನು ಎತ್ತಿಕೊಂಡಿದ್ದಾನೆ. ಕನ್ನಡದಲ್ಲಿ ಒಂದು ಕಡೆ ದೀನರು, ಇನ್ನೊಂದು ಕಡೆ ಶಾಂತರು ಆಗಿರುವುದರಿಂದ ಎರಡರ ನಂಟು ಕಡಿದುಹೋಗಿದೆ. ನೆಲ ಕಳೆದುಕೊಂಡವರಿಗೆ ನೆಲ ಸಿಗುತ್ತದೆ ಎಂಬುದು ಕೀರ್ತನೆಯ ಮಾತು. ಶಾಂತರಿಗೆ ನೆಲ ಸಿಗುತ್ತದೆ ಎಂದರೆ ಅದು ಒಳ್ಳೆಯ ನಡತೆಗೆ ಬಹುಮಾನದಂತೆ ಕೇಳುತ್ತದೆ. ಹೊಸದಾಗಿ ಅನುವಾದಿಸುವವರು ಈ ಒಂದು ಜಾಗದಲ್ಲಿ ಮಾತ್ರ ‘ದೀನ’ವನ್ನು ಯೋಚಿಸಲಿ.

ಬೇರೆ ಕಡೆ ದೀನ ಬೇಡ. ಮೋಶೆ ಭೂಮಿಯ ಮೇಲಿನ ಎಲ್ಲರಿಗಿಂತ ಪ್ರಾಉಸ್ ಎಂದು ಅರಣ್ಯಕಾಂಡದ 12ನೆಯ ಅಧ್ಯಾಯ ಹೇಳುತ್ತದೆ. ಫರೋಹನ ಎದುರು ನಿಂತವನನ್ನು, ಚಿನ್ನದ ಬಸವನ ಸುತ್ತ ಕುಣಿಯುವ ಜನರನ್ನು ಕಂಡು ಸಿಟ್ಟಿನಿಂದ ಕಲ್ಲಿನ ಹಲಗೆಗಳನ್ನು ಬೀಸಿ ಒಡೆದವನನ್ನು ದೀನ ಎನ್ನಲು ನಾಲಗೆ ಏಳುವುದಿಲ್ಲ. ತನ್ನನ್ನು ಪ್ರಾಉಸ್ ಎಂದುಕೊಂಡ ಯೇಸುವೂ ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಕೆಡವಿದವನೇ. ಇಲ್ಲೆಲ್ಲ ಕನ್ನಡ ಅನುವಾದಕರು ಹಿಡಿದ ‘ಸಾತ್ವಿಕ’ಕ್ಕೆ ನಾನು ತಲೆಬಾಗುತ್ತೇನೆ. ಹೌದು, ಆ ಪದ ತ್ರಿಗುಣಗಳ ಕಡೆಯಿಂದ ಬಂದದ್ದು. ಹೌದು, ಈಗ ಅದು ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟದ ಬೋರ್ಡಿನ ಮೇಲೂ ಕೂತಿದೆ. ಆದರೂ ಕನ್ನಡದಲ್ಲಿ ‘ಸಾತ್ವಿಕ ಕೋಪ’ ಎಂಬ ನುಡಿಗಟ್ಟಿದೆ. ‘ಶಾಂತ ಕೋಪ’ ಎನ್ನಲಾರೆವು, ‘ದೀನ ಕೋಪ’ ಎನ್ನಲಾರೆವು, ‘ಮೃದು ಕೋಪ’ ಎಂದರೆ ನಗು ಬರುತ್ತದೆ. ಸಾತ್ವಿಕ ಕೋಪ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಸಿಟ್ಟಿಗೆ ಒಳಗೆ ಜಾಗ ಕೊಡುವ ಪದ ನಮ್ಮ ಸಾಲಿನಲ್ಲಿ ಇದೊಂದೇ.

ಹಾಗಾದರೆ ಅರಿಸ್ಟಾಟಲನಿಗೂ ಇದನ್ನೇ ಕೊಡಬಹುದಲ್ಲ ಎಂದು ಕೇಳಬಹುದು. ನಾನೂ ಕೆಲವು ದಿನ ಕೊಟ್ಟು ನೋಡಿದೆ. ಸಾತ್ವಿಕ ಕೋಪದಲ್ಲಿ ಕಾರಣ ಶುದ್ಧವಾಗಿದ್ದರೆ ಸಾಕು, ಎಷ್ಟು ಹೊತ್ತು, ಯಾರ ಮೇಲೆ, ಯಾವ ಧಾಟಿಯಲ್ಲಿ ಎಂಬ ಲೆಕ್ಕವಿಲ್ಲ. ಆ ಲೆಕ್ಕವೇ ಇಲ್ಲದ ಅರಿಸ್ಟಾಟಲ್ ಅರಿಸ್ಟಾಟಲನಲ್ಲ.

ಕೊನೆಗೆ ಒಂದು ಪರೀಕ್ಷೆ

ನಿಮ್ಮ ಆಯ್ಕೆ ಸರಿಯೇ ಎಂದು ತೂಗಿ ನೋಡಲು ನಾನು ಬಳಸುವ ಕಲ್ಲು ಒಂದಿದೆ. ಕ್ರಿ.ಪೂ. 399, ಅಥೆನ್ಸಿನ ಸೆರೆಮನೆ, ಸೂರ್ಯ ಮುಳುಗುವ ಹೊತ್ತು. ವಿಷ ಕುಡಿಯುವ ಸಮಯವಾಯಿತು ಎಂದು ಹೇಳಲು ಸೆರೆಮನೆಯ ಆಳು ಸಾಕ್ರಟೀಸ್ ಬಳಿ ಬರುತ್ತಾನೆ. ಬೇರೆಯವರಾದರೆ ಈ ಮಾತು ಕೇಳಿ ನನ್ನನ್ನು ಶಪಿಸುತ್ತಾರೆ, ನೀನು ಹಾಗಲ್ಲ, ಇಲ್ಲಿಗೆ ಬಂದವರಲ್ಲೆಲ್ಲ ನೀನು ಅತ್ಯಂತ ಉದಾತ್ತ, ಅತ್ಯಂತ ಪ್ರಾಓಸ್, ಅತ್ಯಂತ ಒಳ್ಳೆಯವನು ಎನ್ನುತ್ತಾನೆ. ಹೆಚ್ಚಿನ ಅನುವಾದಕರ ಕೈ ಇಲ್ಲಿ ತಾನಾಗಿ ‘ಶಾಂತ’ದ ಕಡೆ ಹೋಗುತ್ತದೆ. ಸಾವಿನ ಎದುರಲ್ಲಿ ಕದಲದ ಮುದುಕನಿಗೆ ಅದು ಒಪ್ಪುವಂತೆಯೂ ಕಾಣುತ್ತದೆ.

ಆದರೆ ಆಳಿನ ಮಾತು ಮುಗಿದಿಲ್ಲ. ಮುಂದಿನ ಉಸಿರಿನಲ್ಲೇ ಅವನು ಹೇಳುವುದು: ಈಗಲೂ ನಿನಗೆ ಸಿಟ್ಟಿರುವುದು ನನ್ನ ಮೇಲಲ್ಲ ಎಂದು ನನಗೆ ಚೆನ್ನಾಗಿ ಗೊತ್ತು, ಇದಕ್ಕೆ ಕಾರಣರಾದವರು ಯಾರೆಂದು ನಿನಗೆ ತಿಳಿದಿದೆ, ನಿನ್ನ ಸಿಟ್ಟು ಅವರ ಮೇಲೆ. ಹಾಗೆಂದು ಕಣ್ಣೀರು ಸುರಿಸುತ್ತ ಮುಖ ತಿರುಗಿಸಿಕೊಂಡು ಹೊರಟುಹೋಗುತ್ತಾನೆ. ಮೊದಲ ವಾಕ್ಯದಲ್ಲಿ ನೀವು ಇಟ್ಟ ಪದ ಈ ಎರಡನೆಯ ವಾಕ್ಯದ ಪಕ್ಕದಲ್ಲಿ ನಿಲ್ಲುತ್ತದೆಯೇ ನೋಡಿ.